ಎರಡನೆಯ ಕಾಲಂ

ಈ ಸಂಗತಿಯನ್ನು ನಾನು ಹಲವು ಸಲ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಅದು ಇನ್ನಷ್ಟು ನೀಟಾಗುತ್ತ ಹೋಯಿತು, ಇಸ್ತ್ರಿ ತಿರುಗಿಸಿದ ಅಂಗಿಯ ಹಾಗೆ. ಈಗ ಅದರ ಮೇಲೆ ನನಗೇ ಭರವಸೆಯಿಲ್ಲ. ಸುಕ್ಕು ಎಲ್ಲೆಲ್ಲಿತ್ತು ಎಂದು ಹುಡುಕಿ ಬರೆಯಲು ನೋಡುತ್ತೇನೆ. ಸಿಗದ ಕಡೆ ಸಿಗಲಿಲ್ಲ ಎಂದೇ ಬರೆಯುತ್ತೇನೆ.

ಅಪ್ಪ ಭಾಲ್ಕಿಯಲ್ಲಿ ಟೇಲರ್. ಸ್ಟೇಷನ್ ಕಡೆಯ ರಸ್ತೆಯಲ್ಲಿ ಅಂಗಡಿ. ಒಂದು ಮಶೀನು, ಒಂದು ಸ್ಟೂಲು, ಗಿರಾಕಿ ನಿಂತರೆ ಮತ್ತೊಬ್ಬರಿಗೆ ಜಾಗವಿಲ್ಲ. ಗೋಡೆಯ ಮೇಲೆ ನೀಲಿ ಕೋಟಿನ ಫೋಟೊ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧ. ನಾನು ಹುಟ್ಟುವ ಮೊದಲೇ ಅಪ್ಪ ಬೀದರದಲ್ಲಿ ದೀಕ್ಷೆ ತೆಗೆದುಕೊಂಡಿದ್ದ. ಹುಟ್ಟೂರು ಚಿಂತಾಕಿಯ ಮನೆಯ ಜಗಲಿಯಲ್ಲಿದ್ದ ದೇವರುಗಳನ್ನು ಒಂದು ಹಳೆಯ ಧೋತರದಲ್ಲಿ ಕಟ್ಟಿ, ಮಾಂಜ್ರಾ ಹೊಳೆಗೆ ಬಿಟ್ಟು, ಅಲ್ಲಿಂದಲೇ ಊರು ಬಿಟ್ಟು ಭಾಲ್ಕಿಗೆ ಬಂದನಂತೆ. ದೇವರ ಜೊತೆ ಆ ಹಳೆಯ ಹೆಸರನ್ನೂ ಬಿಟ್ಟು ಬಂದ. ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಸತ್ತ ದನ ಎಳೆಯಲಿ ಎಂದು ಊರ ಹೊರಗೆ ಇಟ್ಟ ನಮ್ಮ ಕೇರಿಗೆ ಊರವರು ಕೊಟ್ಟ ಹೆಸರು ಅದು. ಊರವರು ತಮ್ಮ ಮಕ್ಕಳನ್ನು ಬೈಯುವಾಗಲೂ ಅದನ್ನೇ ಬಳಸುತ್ತಿದ್ದರು.

ನನ್ನನ್ನು ಸಾಲಿಗೆ ಹಚ್ಚಿದ ದಿನದ ಕತೆ ಅವ್ವ ಹೇಳಿದ್ದು. ಫಾರ್ಮಿನಲ್ಲಿ ಎರಡು ಕಾಲಂ ಇದ್ದವು: ಧರ್ಮ, ಜಾತಿ. ಮೊದಲನೆಯದರಲ್ಲಿ ಅಪ್ಪ ಬೌದ್ಧ ಎಂದು ಬರೆದ. ಎರಡನೆಯದರಲ್ಲಿ ಪೆನ್ನು ನಿಂತಿತು.

"ಖಾಲಿ ಬಿಡಂಗಿಲ್ಲ ಟೇಲರ್ ಸಾಹೇಬ್ರ," ಎಂದರಂತೆ ಹೆಡ್ ಮಾಸ್ತರು.

"ಜಾತಿ ಬಿಟ್ಟು ಬಂದೇವಿ ಅಂದಮ್ಯಾಲ ಇದರಾಗ ಏನ್ ಬರೀಲ್ರಿ ನಾ?"

"ಅದು ನನಗ ಗೊತ್ತಿಲ್ಲ. ಏನಾರ ಒಂದು ಬರೀರಿ."

ಅಪ್ಪ ಎರಡನೆಯದರಲ್ಲೂ ಬೌದ್ಧ ಎಂದು ಬರೆದ. ಮನೆಗೆ ಬಂದು ಅವ್ವನಿಗೆ ಹೇಳಿದ್ದು, "ಅರಿವಿ ಒಳಗ ಹೊರಗ ಒಂದs ಬಣ್ಣ ಇರ್ಬೇಕು." ಆ ಕಾಲದಲ್ಲಿ ನಮ್ಮವರಲ್ಲಿ ಸುಮಾರು ಮಂದಿ ಹೀಗೆ ಬರೆಸಿದರು. ಬೇರೆ ಯಾರೂ ಇಂಥ ತಪ್ಪು ಮಾಡಲು ಸಾಧ್ಯವಿರಲಿಲ್ಲ. ಅದು ತಪ್ಪು ಎಂದು ತಿಳಿಯಲು ನನಗೆ ಹದಿನೆಂಟು ತುಂಬಬೇಕಾಯಿತು.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಯೂನಿಫಾರಂ ಹೊಲಿಸುವ ಜೂನ್ ತಿಂಗಳಲ್ಲೂ ಅಪ್ಪನ ಮಶೀನು ಸುಮ್ಮನೆ ನಿಂತಿತ್ತು. ಮಕ್ಕಳನ್ನು ಕರೆದುಕೊಂಡು ಜನ ಹೈದರಾಬಾದಿಗೆ, ಪುಣೆಗೆ ಹೋಗಿಬಿಟ್ಟಿದ್ದರು. ನನಗೆ ಬೀದರದಲ್ಲಿ ಶಿಕ್ಷಕಿ ತರಬೇತಿಯ ಸೀಟು ಸಿಗುವುದರಲ್ಲಿತ್ತು. ಮೀಸಲು ಪಟ್ಟಿಯಲ್ಲಿ ಹೆಸರು ಬಂದಿತ್ತು. ಕಾಗದ ತೋರಿಸುವ ದಿನ ಕಿಟಕಿಯ ಆಚೆ ಕೂತ ಗುಮಾಸ್ತ ನನ್ನ ಟಿ.ಸಿ.ಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಧರ್ಮ ಆಯ್ತವ್ವ. ಜಾತಿ ಎಲ್ಲದ?" ಎಂದ.

ಅಪ್ಪ ಹೇಳಿದ, "ಅದೇರಿ."

"ಅದು ನನ್ನ ಪಟ್ಟಿದಾಗ ಇಲ್ಲ. ಪಟ್ಟಿದಾಗ ಇದ್ದದ್ದು ತರ್ರಿ, ನಿಮ್ಮ ತಹಸೀಲ್ ಆಫೀಸಿಂದ ಬರಸಕೊಂಡು. ಸೋಮವಾರ ಮಟ ನೋಡ್ತೇನಿ. ಆಮ್ಯಾಲ ಕೆಳಗಿನ ಹೆಸರಿನವರಿಗಿ ಹೋಗ್ತದ ಸೀಟು."

ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಊಟದ ಹೊತ್ತಾಗಿತ್ತು, ಹಸಿದಿದ್ದ. ಸೀಟು ಹೋದರೆ ಮುಂದೇನು ಎಂಬುದನ್ನು ಅವ್ವ ಮೊದಲೇ ಹೇಳಿದ್ದಳು: ಅವಳ ತಮ್ಮ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ, ನಾನೂ ಅವನ ಹೆಂಡತಿಯ ಜೊತೆ ಇಟ್ಟಿಗೆ ಹೊರಲು ಹೋಗಬಹುದು. ಅದನ್ನವಳು ಹೆದರಿಸಲೆಂದು ಹೇಳಿರಲಿಲ್ಲ. ಮಾಡಲು ಬೇರೆ ಏನೂ ಇರಲಿಲ್ಲ, ಅಷ್ಟೇ.

ಚಿಂತಾಕಿ ಸೇರಿದ ಔರಾದಿನ ತಹಸೀಲಿನಲ್ಲಿ ಹೇಳಿದರು: ಅಪ್ಪನ ಹುಟ್ಟೂರಿನಲ್ಲಿ ಪಂಚನಾಮೆ ಆಗಬೇಕು. ಐದು ಮಂದಿ ಊರವರು ಚಾವಡಿಗೆ ಬಂದು, ಇವರು ಇಂಥವರೇ ಹೌದು ಎಂದು ಪಟವಾರಿಯ ಮುಂದೆ ಹೇಳಿ ಹೆಬ್ಬೆಟ್ಟು ಒತ್ತಬೇಕು. ಊರ ಕಾಗದಪತ್ರ ನೋಡುವ ಆ ಪಟವಾರಿ ಚಿಂತಾಕಿಗೆ ಬರುವುದು ವಾರಕ್ಕೆ ಒಂದೇ ದಿನ, ಶುಕ್ರವಾರ.

ನಮ್ಮ ಜೊತೆ ಬೀದರದಿಂದ ನನ್ನ ಸೋದರತ್ತೆಯ ಮಗನೂ ಬಂದ. ಕಾಲೇಜಿನಲ್ಲಿ ಓದುತ್ತಿದ್ದ, ಸಂಘಟನೆ ಎನ್ನುತ್ತಿದ್ದ, ಗೋಡೆ ಕಂಡಲ್ಲಿ ನೀಲಿ ಬಣ್ಣದಲ್ಲಿ ಬರೆಯುತ್ತಿದ್ದ. ಅವನ ಎಡಗೈಯ ಉಗುರುಗಳಲ್ಲಿ ಯಾವಾಗಲೂ ನೀಲಿ ಇರುತ್ತಿತ್ತು. ಅಥವಾ ಆ ನೀಲಿ ನಾನು ಆಮೇಲೆ ಹಚ್ಚಿದ್ದೋ, ಗೊತ್ತಿಲ್ಲ.

ಚಿಂತಾಕಿಯಲ್ಲಿ ಬಸ್ಸಿಳಿದು ಕೇರಿಗೆ ಬಂದ ನಮ್ಮನ್ನು ನೋಡಲು ನಾಯಿಯೂ ಬರಲಿಲ್ಲ. ಕೂಲಿಗೆ ಆಳು ಕೂಡಿಸುವ ಮುಕಾದಮನ ಲಾರಿ ಎಲ್ಲರನ್ನೂ ಒಯ್ದಿತ್ತು. ಬೀಗ ಇದ್ದವರು ಬೀಗ ಹಾಕಿದ್ದರು. ಇಲ್ಲದವರು ಬಾಗಿಲಿಗೆ ಅಡ್ಡ ಜಾಲಿಮುಳ್ಳಿನ ಟೊಂಗೆ ಇಟ್ಟು ಹೋಗಿದ್ದರು. ಉಳಿದವರು ಅಪ್ಪನ ಅವ್ವ, ನಮ್ಮ ಆಯಿ, ಮತ್ತು ಇಬ್ಬರು ಮುದುಕರು. ಒಬ್ಬನಿಗೆ ಏಳಲು ಆಗುತ್ತಿರಲಿಲ್ಲ.

ಆಯಿ ನನ್ನ ಗದ್ದ ಹಿಡಿದು ನೋಡಿ, ಅತ್ತೆಯ ಮಗನನ್ನು ನೋಡಿ, "ಇವನ್ನ ಕಟಗೊಂಡ್ರ ಆಯ್ತಲ್ಲ. ಸೀಟು ಯಾಕ ಬೇಕು?" ಎಂದಳು.

"ಅಕೀಗಿ ಬ್ಯಾಡಂತ ಆಯಿ," ಎಂದ ಅವನು. "ನನಗೂ ಸಂಘಟನಿ ಅದ."

"ಅದೂ ರೊಟ್ಟಿ ಬಡೀತದೇನು?"

ರೊಟ್ಟಿ ತಿನ್ನುತ್ತ ಅವನು ಅಪ್ಪನೊಡನೆ ವಾದ ಶುರುಮಾಡಿದ. ನಾಳೆ ಚಾವಡಿಯಲ್ಲಿ ಆ ಹೊಲಸು ಹೆಸರು ಹೇಳುವುದು ಬೇಡ, ದಲಿತರು ಎಂದು ಹೇಳೋಣ, ಹಾಗೇ ಬರೆಯಲಿ ಎನ್ನುವುದು ಅವನ ಮಾತು.

"ಅಂದ್ರ ಏನು?" ಎಂದ ಅಪ್ಪ, ಗೊತ್ತಿದ್ದೂ.

"ತುಳಿತಕ್ಕ ಸಿಕ್ಕವ್ರು ಅಂತ ಮಾಮಾ."

"ಅವ್ರು ತುಳದ್ರು, ಅದನ್ನ ನಾ ಹಣಿಮ್ಯಾಲ ಬರಕೊಂಡು ತಿರಗಬೇಕೇನು? ನಾ ಎದ್ದು ಹೋಗಿ ಎಷ್ಟು ವರ್ಷ ಆಯ್ತು. ನಿನ್ನ ಮಾತು ನನ್ನ ಮತ್ತ ಕೆಳಗ ಕೂಡಸ್ತದ."

"ಕೂಡ್ಸಲ್ಲ ಮಾಮಾ. ತುಳದವ ಯಾರು ಅಂತ ಕೇಳ್ತದ. ನೀವು ಬೌದ್ಧ ಅಂದ್ರ ಅವ್ರಿಗಿ ಬೇಶ್ ಆಯ್ತು. ಯಾರೂ ಯಾರನೂ ತುಳದಿಲ್ಲ, ಎಲ್ಲಾ ಸಾಫ್."

"ನಿನ್ನ ಮಾತು ಹೇಳಬೇಕಂದ್ರ ದಿನಾ ಅವನ ಕಾಲು ನೆನಸಬೇಕು. ನನಗ ನೆನಸೋದು ಸಾಕಾಗ್ಯದ."

"ನೆನಸೂದು ಬಿಟ್ರ ಕಾಲು ಹೋಗ್ತದೇನು?"

ಅವರಿಬ್ಬರೂ ಸರಿ ಎಂದು ಆಗ ನನಗನ್ನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಗ ನನಗೆ ಅನ್ನಿಸಿದ್ದು ಇಷ್ಟು: ಇಬ್ಬರೂ ಸುಮ್ಮನಾಗಲಿ, ಏನಾದರೊಂದು ಬರೆಸಲಿ, ಸೋಮವಾರದೊಳಗೆ ನನ್ನ ಕೈಗೆ ಕಾಗದ ಬರಲಿ.

ಆಯಿ ಮಾತ್ರ ಕೇಳಿದಳು, "ಅವ್ರ ಪಟ್ಟಿದಾಗ ಅದ ಏನ ನಿನ್ನ ಮಾತು?"

"ಇಲ್ಲ ಆಯಿ," ಎಂದ ಅತ್ತೆಯ ಮಗ.

"ಹಂಗಂದ್ರ ತಿಂದು ಏಳ್ರಿ."

ಮರುದಿನ ಪಟವಾರಿ ಬಂದ. ಕೇರಿಯಲ್ಲಿ ಜನವಿಲ್ಲದ್ದರಿಂದ ಊರವರಾದರೂ ನಡೆಯುತ್ತದೆ ಎಂದ. ಹೀಗೆ ಸಾಕ್ಷಿಗೆ ಸೇರಿದವರು: ಕೇರಿಯ ಏಳಬಲ್ಲ ಮುದುಕ, ಅಪ್ಪನ ಬಾಲ್ಯದ ಗೆಳೆಯನಾದ ಸೈಕಲ್ ರಿಪೇರಿಯ ಚಾಚಾ, ಮೇಲಿನ ಓಣಿಯ ದೊಡ್ಡಮನೆಯ ಯಜಮಾನ, ಮತ್ತು ಅವನ ಹಿಂದೆ ಹಿಂದೆ ಬಂದ ಇಬ್ಬರು. ಯಜಮಾನನಿಗೆ ವಯಸ್ಸಾಗಿತ್ತು. ಕರೆಯಲು ಹೋದ ಚಾಚಾನೊಡನೆ ಅವನು ಆ ಬಿಸಿಲಲ್ಲಿ ಕೋಲೂರಿಕೊಂಡು ತಾನೇ ನಡೆದು ಬಂದ. ಬರುವುದಿಲ್ಲ ಎಂದಿದ್ದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಇದನ್ನು ನಾನು ಬಹಳ ವರ್ಷ ಕತೆಯಿಂದ ಬಿಟ್ಟುಬಿಡುತ್ತಿದ್ದೆ.

ಅಪ್ಪನನ್ನು ನೋಡಿ ಅವನು ನಕ್ಕ. "ಏನೋ, ಬುದ್ಧ ಆಗೀನಿ ಅಂತ ಹೋಗಿದ್ದಿ. ಮತ್ತ ನಾವೇ ಬೇಕಾದೆವೇನು?"

ಅಪ್ಪ, "ಮಗಳ ಕಾಗದ ಅದರಿ," ಎಂದ.

"ಇರ್ಲಿ ಇರ್ಲಿ. ನಾ ಹೇಳಲಾರದ ಯಾರು ಹೇಳ್ತಾರ? ನಿಮ್ಮಪ್ಪ ನಮ್ಮನಿ ಎಷ್ಟು ದನ ಎಳದಾನ." ಪಟವಾರಿಯ ಕಡೆ ತಿರುಗಿ, "ಮೊದಲ ಹರಿಜನ ಅಂದ್ರು. ಹಂಗ ಅನಬ್ಯಾಡ್ರಿ ಅಂದ್ರು. ಬೌದ್ಧ ಅಂದ್ರು. ಈಗ ಈ ಹುಡುಗ ದಲಿತ ಅಂತಾನಂತ. ನಾವಾರ ಎಷ್ಟು ನೆಪ್ಪ ಇಡಬೇಕು? ಟ್ಯಾಂಕರ್ ಬಂದಾಗ ನೀರು ಯಾವ ಹೆಸರಿಗಿ ಹೊಯ್ತಾರ, ಅದು ಹೇಳ್ರಿ."

ಹಿಂದೆ ಬಂದ ಇಬ್ಬರು ನಕ್ಕರು. ಅತ್ತೆಯ ಮಗ, "ಟ್ಯಾಂಕರ್ ನಿಮ್ಮ ಓಣಿ ದಾಟಿ ಬಂದ್ರ ನಾವು ಹೆಸರು ಹೇಳ್ತೇವ್ರಿ," ಎಂದ. ಆ ಮಾತನ್ನು ಅವನು ಹೇಳಿದ್ದು ನಿಜ. ಚಾಚಾನೂ ಅದನ್ನು ನೆನೆಯುತ್ತಿದ್ದ. ಯಜಮಾನ ನಗು ನಿಲ್ಲಿಸಿ ಕೋಲಿನಿಂದ ನೆಲ ಕೆರೆದ. ಪಟವಾರಿ, "ಏ, ಕಾಗದ ಮಾಡ್ಲೋ ಬ್ಯಾಡೋ?" ಎಂದ.

ಪಂಚನಾಮೆಯನ್ನು ಗಟ್ಟಿಯಾಗಿ ಓದುವುದು ರೂಢಿ. ಪಟವಾರಿ ಅಪ್ಪನ ಹೆಸರು ಓದಿದ, ತಾತನ ಹೆಸರು ಓದಿದ, "ಇವರು ಮೂಲತಃ" ಎಂದು ನಿಲ್ಲಿಸಿ ತಲೆ ಎತ್ತಿದ. "ಮನಿಯವರು ಯಾರಾರ ಒಬ್ರು ಬಾಯಿಲೆ ಹೇಳಬೇಕು. ಸಾಕ್ಷಿದವ್ರು ಹೇಳಿದ್ರ ಸಾಲಂಗಿಲ್ಲ. ಹೇಳ್ರಿ, ಯಾರು ನೀವು?"

ಇಲ್ಲಿಂದ ನನ್ನ ಕತೆ ನಂಬಲು ಬರುವುದಿಲ್ಲ.

ನಾನು ಮಂದಿಗೆ ಹೇಳುತ್ತ ಬಂದದ್ದು: ಅಪ್ಪನ ಬಾಯಿ ತೆರೆಯಲಿಲ್ಲ, ನಾನು ಮುಂದೆ ಬಂದು ಆ ಹೆಸರನ್ನು ಹೇಳಿದೆ, ಅಪ್ಪನಿಗೆ ಆ ಭಾರ ತಪ್ಪಿಸಿದೆ. ಹೀಗೆ ಹೇಳಿದಾಗ ಕೇಳುವವರ ಕಣ್ಣು ತೇವವಾಗುತ್ತಿತ್ತು. ನನ್ನವೂ ಆಗುತ್ತಿದ್ದವು.

ಅತ್ತೆಯ ಮಗ ಬೀದರದ ಸಭೆಗಳಲ್ಲಿ ಹೇಳುತ್ತ ಬಂದದ್ದು: ತಾನು ಎದ್ದು ನಿಂತು, ನಾವು ದಲಿತರು, ಬರೆದುಕೊಳ್ಳಿ ಎಂದೆ, ಪಟವಾರಿ ಬರೆದುಕೊಂಡ. ಆ ಕಾಗದದ ಪ್ರತಿ ನನ್ನ ಹತ್ತಿರ ಇದೆ. ಅದರಲ್ಲಿ ಆ ಮಾತಿಲ್ಲ. ಅವನಿಗೆ ತೋರಿಸಿದ್ದೆ. "ನಾ ಅಂದಿದ್ದು ಖರೆ. ಅವ ಬರೀಲಿಲ್ಲ ಅಂದ್ರ ಅದು ಅವನ ತಪ್ಪು," ಎಂದ. ಇರಬಹುದು.

ಚಾಚಾ ಸಾಯುವ ಎರಡು ವರ್ಷ ಮೊದಲು ಬೀದರದಲ್ಲಿ ಮಗನ ಮನೆಯಲ್ಲಿದ್ದ. ನೋಡಲು ಹೋಗಿದ್ದೆ. ನಾನು ನನ್ನ ಕತೆ ಹೇಳಿದೆ. ಅವನು ಚಹಾದ ಬಸಿ ಕೆಳಗಿಟ್ಟ.

"ನಹೀ ಬೇಟಿ. ನೀ ಅಳ್ಕೋತ ನಿಂತಿದ್ದಿ. ಹೇಳ್ದಾಕಿ ನಿಮ್ಮ ಆಯಿ."

"ಆಯಿ ಅಲ್ಲಿ ಇದ್ದಳೇನು ಚಾಚಾ?"

"ಇದ್ದಳಲ್ಲ. ಕೆಳಗ. ಚಾವಡಿ ಪಾವಟಿಗಿ ಅಕಿ ಎಂದೂ ಹತ್ತಲಿಲ್ಲ ನೋಡು. ಕೆಳಗ ಕುಂತು ಅಂದ್ಲು: 'ಬರಕೋ ಎಪ್ಪಾ, ನಾವು ಅವ್ರೇ ಇದ್ದೇವಿ. ಕುಡ್ಯಾಕ ನೀರಿಲ್ಲ, ಇಲ್ಲಿ ಕುಂತು ಹೆಸರು ಕೇಳ್ಯಾನ.'"

ಇದು ಆಯಿಯದೇ ಮಾತು. ಬೇರೆ ಯಾರೂ ಕಟ್ಟಲಾರರು. ಆ ಪಾವಟಿಗೆಯನ್ನು ನಾನು ನೋಡಿದ್ದೆ, ಹತ್ತಿದ್ದೆ. ಆಯಿ ಹತ್ತಲಿಲ್ಲ ಎಂಬುದನ್ನು ನೋಡಿರಲಿಲ್ಲ. ಅಪ್ಪ ಹೊಳೆಗೆ ಬಿಟ್ಟ ಹೆಸರು ಅಷ್ಟು ವರ್ಷವೂ ಅಲ್ಲಿಯೇ, ಆಯಿಯ ಮೈಮೇಲೆಯೇ ಇತ್ತು. ಅದಕ್ಕೇ ಅವಳಿಗೆ ಹೇಳಲು ಹೊತ್ತು ಹಿಡಿಯಲಿಲ್ಲವೇನೋ.

ಮೂವರ ನೆನಪಿನಲ್ಲೂ ಒಂದು ಚಿತ್ರ ಮಾತ್ರ ಒಂದೇ ಇದೆ: ಅಪ್ಪ ಅಲ್ಲಿರಲಿಲ್ಲ. ಪಟವಾರಿ ಪ್ರಶ್ನೆ ಕೇಳಿದ ಕೂಡಲೇ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಮಗೆ ಬೆನ್ನು ಕೊಟ್ಟು ನಿಂತಿದ್ದ. ಹಾಗಾದರೆ ಅವನ ಬಾಯಿ ತೆರೆಯಲಿಲ್ಲ ಎಂಬ ನನ್ನ ಮಾತೂ ಕಟ್ಟಿದ್ದೇ. ಕರೆದಾಗ ಬಂದ. ಎರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಹಾಕದವನು, ಆ ಕಾಗದವನ್ನು ಓದದೆ ಸಹಿ ಹಾಕಿದ. ಹೋಗುವಾಗ ಯಜಮಾನ, "ಒಂದು ಅಂಗಿ ಹೊಲದು ಕೊಡು ನನಗ," ಎಂದ. ಅಪ್ಪ ಟೇಪು ಇಲ್ಲದೆ, ಕಣ್ಣಳತೆಯಲ್ಲೇ ಅವನ ಭುಜ ನೋಡಿ, "ಆಗಲ್ರಿ," ಎಂದ. ಮುಂದಿನ ತಿಂಗಳು ಅಂಗಿ ಹೊಲಿದು ಬಸ್ಸಿನಲ್ಲಿ ಕಳಿಸಿದ. ಚಲೋ ಹೊಲಿದಿದ್ದ. ಅದು ಯಾಕೋ ನನಗೆ ಇವತ್ತಿಗೂ ತಿಳಿಯದು.

ಔರಾದಿನಲ್ಲಿ ಮೊಹರು ಹಾಕಿಸಿಕೊಂಡು ಸೋಮವಾರ ಬೀದರದ ಕಿಟಕಿಯಲ್ಲಿ ಕಾಗದ ಕೊಟ್ಟೆವು. ಗುಮಾಸ್ತ, "ಹಾಂ, ಇದು ಅದ ನೋಡ್ರಿ ಪಟ್ಟಿದಾಗ," ಎಂದು ಮೊದಲ ಸಲ ನಕ್ಕ. ಸೀಟು ಸಿಕ್ಕಿತು. ಆ ಶುಕ್ರವಾರದ ಮೇಲೆ ಅಪ್ಪ ಚಿಂತಾಕಿಗೆ ಹೋದದ್ದು ಆಯಿ ಸತ್ತಾಗ ಮಾತ್ರ.

ಆಮೇಲಿನ ವರ್ಷಗಳಲ್ಲಿ ಆ ರೊಟ್ಟಿಯ ಮುಂದಿನ ವಾದ ನಿಲ್ಲಲೇ ಇಲ್ಲ, ಮಂದಿ ಮಾತ್ರ ಬದಲಾದರು. ಒಂದು ಸಭೆಯಲ್ಲಿ ದಲಿತ ಎಂದರೆ ಚಪ್ಪಾಳೆ, ಇನ್ನೊಂದರಲ್ಲಿ ಹುಡುಗಿಯೊಬ್ಬಳು ಎದ್ದು, "ಹಂಗ ಅನಬ್ಯಾಡ್ರಿ ಮೇಡಂ, ನಾವು ಬೌದ್ಧರು," ಎನ್ನುವಳು. ಆಫೀಸಿನ ಕಾಗದದಲ್ಲಿ ಎರಡೂ ಅಲ್ಲ, ಬರೇ ಎರಡು ಅಕ್ಷರ, ನಡುವೆ ಚುಕ್ಕಿ. ಸ್ಟಾಫ್ ರೂಮಿನಲ್ಲಿ ಒಬ್ಬ ಮಾಸ್ತರರು ನನ್ನ ಮುಂದೆ ಬಹಳ ಮರ್ಯಾದೆಯಿಂದ, "ನಮ್ಮ ದಲಿತ ಬಂಧುಗಳು" ಎನ್ನುತ್ತಿದ್ದರು. ಅವರ ಅಜ್ಜ ಹಳೆಯ ಹೆಸರು ಹೇಳುವಾಗ ಹೇಗೆ ಉಸಿರು ಹಿಡಿಯುತ್ತಿದ್ದನೋ, ಮೊಮ್ಮಗ ಈ ಹೊಸ ಮಾತಿನ ಮುಂದೆಯೂ ಹಾಗೆಯೇ ಒಂದು ಗಳಿಗೆ ಉಸಿರು ಹಿಡಿಯುತ್ತಿದ್ದರು. ಅತ್ತೆಯ ಮಗ ಗೋಡೆಗೆ ಬರೆಯುವಾಗ ಆ ಮಾತಿಗೆ ಇದ್ದ ಬಿಸಿ ಇಲ್ಲಿ ಇರಲಿಲ್ಲ. ಜಗಳವಾಡಲು ನನಗೆ ಬೇಸರವಾಗುತ್ತಿತ್ತು. ಚಹಾ ಕುಡಿದು ಕ್ಲಾಸಿಗೆ ಹೋಗುತ್ತಿದ್ದೆ.

ಔರಾದ ತಾಲ್ಲೂಕಿನ ಒಂದು ಸಾಲಿಯಲ್ಲಿ ನಾನು ಹೆಡ್ ಮಿಸ್ ಆಗಿದ್ದಾಗ ಮತ್ತೆ ಮಳೆ ತಪ್ಪಿತು. ಮತ್ತೆ ಲಾರಿಗಳು ಬಂದವು. ಒಂದು ಬೆಳಿಗ್ಗೆ ಒಬ್ಬ ಗಂಡಸು ಮಗಳನ್ನು ಕರೆದುಕೊಂಡು ಬಂದ. ಹೆಂಡತಿ ಗಂಟುಮೂಟೆಯ ಜೊತೆ ಆಗಲೇ ರಸ್ತೆಯಲ್ಲಿ ನಿಂತಿದ್ದಳು. ಮಗಳು ಅಜ್ಜಿಯ ಹತ್ತಿರ ಉಳಿಯುತ್ತಾಳೆ, ಸಾಲಿಗೆ ಹಚ್ಚಿ ಹೋಗುತ್ತೇನೆ ಎಂದ. ರಿಜಿಸ್ಟರ್ ತೆರೆದೆ. ಧರ್ಮ ಕೇಳಿದೆ.

"ಬೌದ್ಧ ಬರೀರಿ."

ಬರೆದೆ. "ಜಾತಿ?"

"ಅದೂ ಅದೇ ಬರೀರಿ."

ಪೆನ್ನು ಕೆಳಗಿಟ್ಟೆ. "ಅದರಾಗ ಹಂಗ ಬರದ್ರ ಮುಂದ ಇಕೀಗಿ ತ್ರಾಸ ಆಗ್ತದಣ್ಣ. ಹಾಸ್ಟೆಲ್ ಸಿಗಂಗಿಲ್ಲ, ಸೀಟು ಸಿಗಂಗಿಲ್ಲ. ಹಳೇದು ಏನದ, ಅದು ಹೇಳ್ರಿ."

ಅವನು ನನ್ನನ್ನು ನೋಡಿದ. ನನ್ನ ಸೀರೆ, ಕನ್ನಡಕ, ಮೇಜಿನ ಮೇಲಿನ ಗಂಟೆ ಎಲ್ಲವನ್ನೂ ನೋಡಿದ. ಆಮೇಲೆ ಬಹಳ ಮೆತ್ತಗೆ ಕೇಳಿದ, "ನೀವು ಮ್ಯಾಲಿನ ಓಣಿಯವ್ರೇನ್ರಿ ಮೇಡಂ?"

ಅಲ್ಲ ಎಂದೆ. ಅವನು ಕಾದ. ಅಲ್ಲ ಎಂದ ಮೇಲೆ ಮತ್ತೇನು ಎಂಬುದನ್ನು ಹೇಳಬೇಕಿತ್ತು. ನನ್ನ ಬಾಯಲ್ಲಿ ಮೂರು ಹೆಸರುಗಳಿದ್ದವು. ಒಂದು ಅಪ್ಪನದು, ಅದನ್ನು ಹೇಳಿದರೆ, ಹಾಗಾದರೆ ನನ್ನ ಮಗಳ ಕಾಲಮಿನಲ್ಲಿ ಯಾಕೆ ಬೇಡ ಎಂದು ಅವನು ಕೇಳುತ್ತಿದ್ದ. ಒಂದು ಅತ್ತೆಯ ಮಗನದು. ಅದನ್ನು ಸ್ಟಾಫ್ ರೂಮಿನಲ್ಲಿ ಕೇಳಿ ಕೇಳಿ ನನ್ನ ನಾಲಗೆಯೇ ಒಣಗಿತ್ತು. ಇನ್ನೊಂದು ಆಯಿಯದು, ಆ ಮಗುವಿನ ಮುಂದೆ ಅದನ್ನು ಹೇಳಲು ನನಗೆ ಆಗಲಿಲ್ಲ. ಚಾವಡಿಯಲ್ಲಿ ಅದನ್ನು ನಾನೇ ಹೇಳಿದೆ ಎಂದು ಮಂದಿಗೆಲ್ಲ ಕತೆ ಹೇಳಿದವಳು ನಾನು.

ಹೊರಗೆ ಲಾರಿಯ ಹಾರ್ನ್ ಆಯಿತು. ಅವನು ರಿಜಿಸ್ಟರಿನಲ್ಲಿ ಸಹಿ ಹಾಕಿ, ಎರಡನೆಯ ಕಾಲಂ ಖಾಲಿ ಇರುವಂತೆಯೇ ನನ್ನ ಕಡೆ ತಳ್ಳಿದ. "ನಿಮಗ ಗೊತ್ತದ ಅಂದ್ರ ನೀವೇ ಬರೀರಿ. ನಾ ಹೊರಗ ನಿಂದರ್ತೇನಿ," ಎಂದ.

ಹೋಗಿ ಕಟ್ಟೆಯ ಹತ್ತಿರ ಬೆನ್ನು ಕೊಟ್ಟು ನಿಂತ. ಹುಡುಗಿ ಒಳಗೇ ಉಳಿದಳು, ಮೇಜಿನ ಅಂಚಿಗೆ ಗದ್ದ ಹಚ್ಚಿಕೊಂಡು ನನ್ನ ಕೈಯನ್ನೇ ನೋಡುತ್ತ. ಅವಳಿಗೆ ಇನ್ನೂ ಓದಲು ಬರುತ್ತಿರಲಿಲ್ಲ. ಪಟ್ಟಿಯಲ್ಲಿದ್ದದ್ದನ್ನೇ ಬರೆದೆ. ರಿಜಿಸ್ಟರ್ ಮುಚ್ಚಿ ಗಂಟೆ ಬಾರಿಸಲು ಹೇಳಿದೆ. ಇವತ್ತಲ್ಲ ನಾಳೆ ಅವಳು ಓದುವುದನ್ನು ಕಲಿಯುತ್ತಾಳೆ, ಕಲಿಸುವವಳೂ ನಾನೇ.